ನಮ್ಮ ಬೋರಿನ ಪುರಾತನ ಬುಗ್ಗೆ

ಬೂದಿಕೋಟೆಯಲ್ಲಿ ಬಸ್ಸಿಳಿದು ನಮ್ಮ ತೋಟಕ್ಕೆ ಬರುವವರೆಲ್ಲ ಬಿಸಿನೀರಿನ ಬುಗ್ಗೆಯ ಚರಿತ್ರೆ ಹೇಳಿ ಅಂತ ನನ್ನನ್ನೇ ಕೇಳುತ್ತಾರೆ. ಹೇಳುವುದಕ್ಕೇನಂತೆ! ಆ ಚರಿತ್ರೆಗೆ ಮೂರು ವರ್ಷ ವಯಸ್ಸು. ನನ್ನ ಗಂಡ ಸುಬ್ರಮಣಿ ಮೇವಿನ ಹುಲ್ಲಿಗೆ ನೀರು ಬೇಕೆಂದು ಬೋರ್ ಕೊರೆಸಿದರು. ಸಾವಿರದಾರುನೂರು ಅಡಿಗೆ ಸಿಕ್ಕ ನೀರು ಬೆಚ್ಚಗಿತ್ತು, ಅಷ್ಟೇ. ನಮ್ಮ ಐದು ಹಸುಗಳು ಮೂತಿ ಇಟ್ಟು ನೋಡಿ ಹಿಂದೆ ಸರಿದವು. ತೊಟ್ಟಿಗೆ ಬಿಟ್ಟು ಆರಿಸಿ ಕುಡಿಸಿದೆವು, ಉಳಿದದ್ದನ್ನು ಹುಲ್ಲಿಗೆ ಹಾಯಿಸಿದೆವು. ಅಲ್ಲಿಗೆ ಮುಗಿಯಬೇಕಿತ್ತು.

ಮುಗಿಯಲು ಬಿಟ್ಟರೆ ತಾನೇ? ನೀರು ಬಿದ್ದ ದಿನ ಕೇಸಿಂಗ್ ಪೈಪಿಗೆ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಗಂಗಮ್ಮ ಬಂದಳು ಅಂತ ಕೈ ಮುಗಿಯುವುದು ನಮ್ಮ ಕಡೆ ಪದ್ಧತಿ. ನಮ್ಮತ್ತೆ ಮುನಿನಾರಾಯಣಮ್ಮ ಅದನ್ನು ಒಂದು ದಿನಕ್ಕೆ ನಿಲ್ಲಿಸಲಿಲ್ಲ. ದಿನಾ ಹಚ್ಚಿದರು, ದಿನಾ ನೀರು ಬೀಳುವ ಪೈಪಿನ ಕೆಳಗೆ ಕೂತು ಮಿಂದರು. ಮೊಣಕಾಲು ನೋವು ಇಳಿಯಿತು. ಬಿಸಿನೀರು ಹುಯ್ದುಕೊಂಡರೆ ಯಾರ ಕಾಲು ತಾನೇ ಹಗುರಾಗುವುದಿಲ್ಲ? ಆದರೆ ಅತ್ತೆ ಅದನ್ನು ಹಾಲಿನ ಡೈರಿಯಲ್ಲಿ ಹೇಳಿಬಿಟ್ಟರು. ಡೈರಿಯಲ್ಲಿ ಹೇಳಿದ್ದು ಸಂಜೆಯೊಳಗೆ ಬಂಗಾರಪೇಟೆ ಮುಟ್ಟುತ್ತದೆ.

ಜನ ಬಂದರು. ಹಸುಗಳ ತೊಟ್ಟಿಗೇ ಇಳಿದರು. ಕಾಲುವೆ ತುಂಬ ಶಾಂಪೂ ನೊರೆ. ನೀರನ್ನು ಹುಲ್ಲಿನ ಕಡೆ ತಿರುಗಿಸಿದರೆ, "ಅಮ್ಮನ ನೀರ್ನ ಉಲ್ಲಿಗೆ ಬುಡ್ತೀಯಲ್ಲ, ಪಾಪ ಬರಾಕಿಲ್ವಾ ಕಲ್ಪನಮ್ಮಾ?" ಅಂತ ನನಗೇ ಗದರುತ್ತಿದ್ದರು. ಕರೆಂಟು ಹೋದರೆ ದೇವಿ ಮಲಗಿದ್ದಾಳೆ, ಗಲಾಟೆ ಮಾಡಬೇಡಿ ಅನ್ನುವರು. ಎಂಥ ದೇವಿಯಪ್ಪಾ, ತ್ರೀ ಫೇಸ್ ಕರೆಂಟು ಬಂದಾಗ ಮಾತ್ರ ಏಳುವವಳು! ಹುಲ್ಲು ಒಣಗುತ್ತಾ ಬಂತು, ಹಾಲು ಅರ್ಧಕ್ಕಿಳಿಯಿತು. ನನಗೆ ಬೇಕಿದ್ದದ್ದು ಇಷ್ಟೇ: ನಮ್ಮ ನೀರು ನಮ್ಮ ಹುಲ್ಲಿಗೆ.

ನಿಜ ಹೇಳಿದವರು ಒಬ್ಬರೇ, ಮಾರಿಕುಪ್ಪಂನಿಂದ ವಾರಕ್ಕೊಮ್ಮೆ ಬರುತ್ತಿದ್ದ ಕುಪ್ಪುಸ್ವಾಮಿ. ಚಿನ್ನದ ಗಣಿಯಲ್ಲಿ ದುಡಿದು ನಿವೃತ್ತರಾದವರು. "ಸಾಮಿಯೂ ಇಲ್ಲ, ಗೀಮಿಯೂ ಇಲ್ಲಮ್ಮಾ. ಆಳಕ್ಕೆ ಇಳಿದ್ರೆ ಎಲ್ಲಾ ಬಿಸಿನೇ. ಅಂಡರ್‌ಗ್ರೌಂಡಲ್ಲಿ ಬಂಡೆ ಮುಟ್ಟಿದ್ರೆ ಕೈ ಸುಡ್ತಿತ್ತು," ಅಂದರು. ಅಂದು, ಟವೆಲು ಸುತ್ತಿಕೊಂಡು ತೊಟ್ಟಿಗೆ ಇಳಿದರು.

ಕೊನೆಗೆ ರವಿಶಂಕರ್ ಎಂಬ ಅಧಿಕಾರಿ ಬಂದರು. ಹಳೆಯ ನೀರಿನ ತಾಣಗಳನ್ನು ಗುರುತಿಸಿ ಕಾಪಾಡುವ ಕೆಲಸವಂತೆ. ಸದ್ಯ, ಓದಿದವರು ಬಂದರಲ್ಲ ಅಂತ ಖುಷಿಯಿಂದ ಮೋಟಾರಿನ ಸ್ಟಾರ್ಟರ್ ಪೆಟ್ಟಿಗೆ ತೋರಿಸಿದೆ. ಕೆಂಪು ಗುಂಡಿ ಒತ್ತಿದೆ. ನೀರು ನಿಂತಿತು. "ನೋಡಿ ಸಾರ್, ಇಷ್ಟೇ ಈ ಬುಗ್ಗೆ!"

ಅವರು ನಕ್ಕರು. "ಮೋಟಾರು ಈಗಿನದು, ಸರಿ. ನೀರು ಮೊದಲೇ ಇತ್ತೋ ಇಲ್ಲವೋ ಅನ್ನೋದು ಪ್ರಶ್ನೆ. ಹಳಬರು ಯಾರಿದ್ದಾರೆ?"

ಹಳಬರೆಂದರೆ ನಮ್ಮತ್ತೆ. ಸುತ್ತ ಐವತ್ತು ಜನ. ಅವರಲ್ಲಿ ಅರ್ಧದಷ್ಟು ಜನ, ಗಂಗಮ್ಮನ ಪೂಜೆ ಮಾಡುವವರೆಂದು ಆಗಷ್ಟೇ ಅತ್ತೆಯ ಕಾಲಿಗೆ ಬಿದ್ದು ಎದ್ದವರು. "ಅತ್ತೆ, ಇದ್ದಿದ್ದು ಇದ್ದಂಗೆ ಯೋಳ್ಬುಡಿ," ಎಂದೆ.

ಅತ್ತೆ ಸೆರಗು ಸರಿಮಾಡಿಕೊಂಡರು. "ನಾನು ಮದ್ವೆ ಆಗಿ ಬಂದಾಗ್ಲೇ ಇತ್ತು ಸಾಮಿ. ನಮ್ಮತ್ತೆ ಇಲ್ಲೇ ನಂಗೆ ಮೊದ್ಲು ನೀರು ಉಯ್ದಿದ್ದು. ಅವ್ರಿಗೆ ಅವ್ರತ್ತೆ ಉಯ್ದಿದ್ರಂತೆ." ಹೇಳುತ್ತಾ ಹೇಳುತ್ತಾ ಅವರ ಕಣ್ಣು ತುಂಬಿಬಂತು. ಅಯ್ಯೋ ನನ್ನ ಕರ್ಮವೇ, ತಾವೇ ನಂಬಿಬಿಟ್ಟಿದ್ದರು! ಜನ ಚಪ್ಪಾಳೆ ತಟ್ಟಿದರು.

ರವಿಶಂಕರ್ ಬರೆದುಕೊಂಡು ತಲೆಯೆತ್ತಿದರು. "ಹಾಗಾದರೆ, ಇಂಥ ಪುರಾತನ ಬುಗ್ಗೆಯೊಳಗೆ ಬೋರ್ ಕೊರೆಸಿದವರು ಯಾರು?"

ಎಲ್ಲರ ಕಣ್ಣೂ ನನ್ನ ಗಂಡನ ಮೇಲೆ. ಅತ್ತೆಯ ಮುಖ ಬಿಳುಚಿಕೊಂಡಿತು. "ಇಲ್ಲ ಸಾಮಿ, ಮೊದ್ಲು ಏನೂ ಇರ್ನಿಲ್ಲ! ಬರೀ ಮುಳ್ಳುಗಿಡ ಇದ್ದಿದ್ದು! ನನ್ ಮಗ ತ್ವಾಡಿಸಿದ್ ಮೇಲೇ ನೀರು ಬಂದಿದ್ದು!"

"ಪಾಪ, ಗಾಬರಿಯಾಗಿದ್ದಾರೆ. ಮೊದಲು ಹೇಳಿದ್ದೇ ಇರಲಿ," ಎಂದು ರವಿಶಂಕರ್ ಪುಸ್ತಕ ಮುಚ್ಚಿದರು.

ಹದಿನೈದು ದಿನ ಕಳೆದ ಮೇಲೆ ರವಿಶಂಕರ್ ಕಳಿಸಿದ ಇಬ್ಬರು ಮೇಸ್ತ್ರಿಗಳು ಒಂದೇ ಲಾರಿಯಲ್ಲಿ ಬಂದಿಳಿದರು. ಒಬ್ಬ, 'ಶತಮಾನಗಳಿಂದ ನಿರಂತರವಾಗಿ ಹರಿಯುತ್ತಿರುವ ನೈಸರ್ಗಿಕ ಬಿಸಿನೀರಿನ ಬುಗ್ಗೆ' ಎಂಬ ಫಲಕ ನೆಟ್ಟ. ಇನ್ನೊಬ್ಬ, ಬುಗ್ಗೆಗೆ ಧಕ್ಕೆಯಾಗಬಾರದೆಂದು ನಮ್ಮ ಮೋಟಾರನ್ನು ಮೇಲೆತ್ತಿ ಲಾರಿಗೆ ಹಾಕಿಕೊಂಡ. ನನಗೆ ನಗು ಬಂತು, ಅದರ ಹಿಂದೆಯೇ ತಡೆಯಲಾರದಷ್ಟು ಅಳು.

ಒಣಗಿದ ಪೈಪಿನ ಮುಂದೆ ಅತ್ತೆ ಕೂತೇ ಇದ್ದರು. "ಎಷ್ಟೊತ್ತಿಗೆ ಬರ್ತದಂತೆ ನೀರು?" ಎಂದು ಮೆಲ್ಲಗೆ ಕೇಳಿದರು.

"ನಿಮ್ಮತ್ತೇನೇ ಕೇಳ್ಬೇಕು," ಎಂದೆ.

ಅತ್ತೆ ಎದ್ದು ಹೋಗಿ ಎರಡು ಕುಡುಗೋಲು ತಂದರು, ಒಂದನ್ನು ನನ್ನ ಕೈಗಿಟ್ಟರು. ಪೂರ್ತಿ ಒಣಗುವ ಮೊದಲು ಇದ್ದಷ್ಟು ಹುಲ್ಲನ್ನಾದರೂ ಕೊಯ್ದುಕೊಳ್ಳಲು ಇಬ್ಬರೂ ಬಗ್ಗಿದೆವು.