ಬುಟ್ಟಿಯ ತಳದ ಬದನೆಕಾಯಿ

ತಡಸದ ಹತ್ತಿರದ ಆ ಊರಿನಲ್ಲಿ ಬದನೆಕಾಯಿ ಬೆಳೆಯುವುದು ಯಾರಿಗೂ ಕಷ್ಟವಲ್ಲ. ಮಾರುವುದೇ ಕಷ್ಟ. ಸಂಜೆ ಚೀಲ ತುಂಬಿ ರಸ್ತೆಗೆ ತಂದಿಟ್ಟರೆ ಗಾಡಿಯವನು ಹೇರಿಕೊಂಡು ಹುಬ್ಬಳ್ಳಿಗೆ ಒಯ್ಯುತ್ತಾನೆ. ಅಲ್ಲಿ ಯಾರು ಕೊಂಡರು, ಯಾವ ದರಕ್ಕೆ ಕೊಂಡರು ಎಂಬುದು ಮರುದಿನ ಅವನ ಬಾಯಿಂದಲೇ ತಿಳಿಯಬೇಕು. ದರ ಏರಿದ ದಿನ ಅವನು ದೂರದಿಂದಲೇ ಹಾರನ್ ಹೊಡೆಯುತ್ತಾನೆ. ಇಳಿದ ದಿನ ಸದ್ದಿಲ್ಲದೆ ಬಂದು ಖಾಲಿ ಚೀಲ ಇಳಿಸುತ್ತಾನೆ.

ಆ ದಿನ ಗಾಡಿ ಸದ್ದಿಲ್ಲದೆ ಬಂತು. ಬಾಗಿಲಲ್ಲಿ ನಿಂತಿದ್ದ ಅನ್ನವ್ವನಿಗೆ ಅಷ್ಟರಲ್ಲೇ ಅರ್ಥವಾಯಿತು.

“ಅಣ್ಣಾ, ನಿನ್ನೆ ನಿಮ್ಮ ಮಾಲು ಕೇಳವ್ರ ಇರಲಿಲ್ಲ” ಎಂದು ಗಾಡಿಯವನು ಅವಳ ಗಂಡ ಮೈಲಾರಪ್ಪನಿಗೆ ಹೇಳಿದ. “ಎಲ್ಲಾ ಕಡೀಂದ ಬಂದು ಬಿದ್ದೈತಿ. ಕಡೀಕ ದನಕ್ಕ ಹಾಕಿ ಬಂದ್ನಿ. ನನ್ನ ಬಾಡಿಗಿ ಮುಂದ ನೋಡೂಣಂತ.”

ಮೈಲಾರಪ್ಪ ಚೀಲಗಳನ್ನು ಕೊಡವಿ ಮಡಚಿದ. “ಸಾಕಾತು. ಅಮಾಸಿ ಮುಗಿದ ಮರುದಿನ ಟ್ರ್ಯಾಕ್ಟರ್ ಹೊಡಸ್ತೇನಿ. ಗಿಡಾ ಕಿತ್ತು ಗೊಂಜಾಳ ಹಾಕೂಣು. ಊರೆಲ್ಲಾ ಅದನ್ನ ಹಾಕೈತಿ.”

ಅನ್ನವ್ವ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಗೋವಿನಜೋಳದ ದುಡ್ಡು ವರ್ಷಕ್ಕೊಮ್ಮೆ ಬರುತ್ತದೆ, ಬಂದ ದಾರಿಯಲ್ಲೇ ಹೋಗುತ್ತದೆ. ಮನೆಯ ಎಣ್ಣೆ ಉಪ್ಪು, ಮಗಳ ಬಸ್ಸಿನ ಚಾರ್ಜು ನಡೆಯುವುದು ಬದನೆಕಾಯಿಯಿಂದ. ಅದೂ ಅಲ್ಲದೆ ಆ ಬೀಜ ಅಂಗಡಿಯದಲ್ಲ. ಹಿರೇಕೆರೂರು ತಾಲೂಕಿನ ಅಬಲೂರಿನಿಂದ ಅವಳ ಅವ್ವ ಕೊಟ್ಟು ಕಳಿಸಿದ್ದು. ಹಸಿರು ಮೈ, ಬಿಳಿ ಗೀರು, ತೊಟ್ಟಿನಲ್ಲಿ ಮುಳ್ಳು. ವರ್ಷ ವರ್ಷ ಒಳ್ಳೆಯ ಗಿಡ ನೋಡಿ ಒಂದೆರಡು ಕಾಯಿ ಹಣ್ಣಾಗಲು ಬಿಟ್ಟು ಬೀಜ ಮಾಡಿಕೊಂಡು ಬಂದಿದ್ದಳು. ಈ ಸಲ ಕಾಯಿ ಇನ್ನೂ ಹಣ್ಣಾಗಿರಲಿಲ್ಲ. ಈಗ ಗಿಡ ಹೋದರೆ ಬೀಜವೂ ಹೋದಂತೆ.

ಮಧ್ಯಾಹ್ನ ಪಕ್ಕದ ಓಣಿಯ ಗುಲ್ನಾರ ಬಂದಳು. ತವರು ಸವಣೂರು. ಮನೆಯಲ್ಲೇ ಚಹಾದ ಜತೆ ತಿನ್ನುವ ಖಾರ ಕರಿದು, ಪೊಟ್ಟಣ ಕಟ್ಟಿ, ಗಂಡ ನದೀಮನ ಬೈಕಿನ ಹಿಂದೆ ಕೂತು ಶಿಗ್ಗಾಂವಿ, ಹಾನಗಲ್ಲಿನ ಚಹಾದಂಗಡಿಗಳಿಗೆ ಹಾಕಿ ಬರುವವಳು. ಅನ್ನವ್ವನೂ ಅವಳೂ ಒಂದೇ ಮಹಿಳಾ ಸಂಘದವರು.

“ಅಕ್ಕಾ, ಶಿಗ್ಗಾಂವ್ಯಾಗ ಕುಬೇರಪ್ಪನವರ ಖಾನಾವಳಿ ಐತೆಲ್ಲ, ನಿನ್ನೆ ಅವ್ರು ಬಾಡಿದ ಬದನಿಕಾಯಿ ಹಿಡ್ಕೊಂಡು ಬೈಯಾಕತ್ತಿದ್ರು. ಎಲ್ಲೀವ್ರಿ ಇವು ಅಂದೆ. ಹುಬ್ಬಳ್ಳೀಂದ ತರಸ್ತೇನವಾ ಅಂದ್ರು.”

“ಹುಬ್ಬಳ್ಳ್ಯಾಗ ಬೆಳೀತಾವೇನು ಬದನಿಕಾಯಿ?” ಎಂದ ಮೈಲಾರಪ್ಪ.

“ಅದನ್ನ ನಾನೂ ಅಂದಿದ್ದು, ಅಣ್ಣಾರ. ನಮ್ಮೂರ ಕಾಯಿ ಹುಬ್ಬಳ್ಳಿಗೆ ಹೋಗಿ, ಒಂದ್ ರಾತ್ರಿ ವಸ್ತಿ ಮಾಡಿ, ಹೊಳ್ಳಿ ಶಿಗ್ಗಾಂವಿಗೆ ಬರಾಕತ್ತಾವ. ತಿರುಗಾಡೂದು ಅವು, ಖರ್ಚು ನಿಮ್ದು.”

ಅನ್ನವ್ವನಿಗೆ ನಗು ಬಂತು. ಮೈಲಾರಪ್ಪನಿಗೆ ಬರಲಿಲ್ಲ. “ಒಂದು ಖಾನಾವಳಿ ಎಷ್ಟ್ ತಗೋತೈತಿ, ತಂಗೀ? ಒಂದ್ ಬುಟ್ಟಿ. ಉಳಿದಿದ್ದು ನಾವ ಉಣ್ಣಬೇಕೇನು?”

“ಒಂದ ಬಾಗಲಾ ಬಡದ್ರ ಒಂದ ಬುಟ್ಟಿ. ನಾಕ್ ಬಾಗಲಾ ಬಡೀರಿ. ಖಾನಾವಳಿ ಐತಿ, ಹಾಸ್ಟೆಲ್ ಐತಿ, ಸಂತಿ ಐತಿ, ಮದುವಿ ಅಡಗಿ ಮಾಡವ್ರು ಅದಾರ. ನನ್ನ ಖಾರಾನೂ ಒಂದ ಅಂಗಡಿ ನೆಚ್ಚಿ ಕರಿಯಂಗಿಲ್ಲ.”

“ಹಂಗಾರ ನಾಳೆ ಒಂದು ಚೀಲ ಹೇರ್ಕೊಂಡು ಹೋಗೂಣು” ಎಂದಳು ಅನ್ನವ್ವ.

“ಚೀಲ ಬ್ಯಾಡಕ್ಕಾ. ಮೊದಲ ಕೇಳಾಕ ಹೋಗೂಣು. ತೋರಸಾಕ ನಾಕ್ ಕಾಯಿ ಇರಲಿ, ಸಾಕು.”

ಮರುದಿನ ಇಬ್ಬರೂ ಬಸ್ಸು ಹಿಡಿದು ಹೋದರು. ಖಾನಾವಳಿಯ ಹಿಂದಿನ ಬಾಗಿಲಲ್ಲಿ ರೊಟ್ಟಿ ಬಡಿಯುವ ಸಪ್ಪಳ. ಅನ್ನವ್ವ ಹೊಸ್ತಿಲಿನ ಹೊರಗೇ ನಿಂತಳು. ಇಂಥ ಕಡೆ ಎಲ್ಲಿಯವರೆಗೆ ಹೋಗಬಹುದು ಎಂದು ಮೊದಲು ನೋಡಿಕೊಳ್ಳುವುದು ಅವಳ ಅಭ್ಯಾಸ. ಗುಲ್ನಾರ ಕೈ ಹಿಡಿದು ಒಳಗೆ ಕರೆದಳು.

ಕುಬೇರಪ್ಪ ಕಾಯಿಯನ್ನು ಕೈಗೆ ತೆಗೆದುಕೊಂಡು ಮೆಲ್ಲಗೆ ಒತ್ತಿ ನೋಡಿದರು. “ಬೀಜ ಎಲ್ಲೀದು ಇದು? ಚಲೋ ಐತಿ. ನನಗ ಎಣ್ಣಿಗಾಯಿಗೆ ಬೇಕ್ರಿ. ಎಳೀದು, ಅಂಗೈಯಾಗ ಮುಚ್ಚುವಷ್ಟು. ಬಲಿತಿದ್ರ ಮಸಾಲಿ ಹಿಡಿಯಂಗಿಲ್ಲ. ಮತ್ತ ಎಲ್ಲಾ ಒಂದ ಅಳತಿ ಇರಬೇಕು. ಒಬ್ಬರ ತಾಟಿಗೆ ದೊಡ್ಡದು, ಇನ್ನೊಬ್ಬರ ತಾಟಿಗೆ ಸಣ್ಣದು ಬಿತ್ತಂದ್ರ ಉಣ್ಣವ್ರು ಜಗಳಾ ನನ್ನ ಜೋಡಿ ತಗೀತಾರ.”

“ತರ್ತೇನ್ರಿ” ಎಂದಳು ಅನ್ನವ್ವ.

“ನಾಳೆ ಒಂದು ಬುಟ್ಟಿ ತರ್ರಿ. ನೋಡೂಣು.”

ಊರಿಗೆ ಬಂದವಳೇ ಹೊಲಕ್ಕೆ ಹೋದಳು. ಸಂಜೆ ಗಂಡ ಹೆಂಡತಿ ಕೂತು ಬುಟ್ಟಿ ತುಂಬಿದರು. ಇಲ್ಲೇ ತಪ್ಪಾಯಿತು. ಹುಬ್ಬಳ್ಳಿಯ ಪೇಟೆಗೆ ಮಾಲು ಕಳಿಸುವ ಮನೆಗಳಲ್ಲಿ ಬುಟ್ಟಿ ತುಂಬಲು ಒಂದು ಪದ್ಧತಿ ಇದೆ. ಬಲಿತದ್ದು, ಡೊಂಕಾದದ್ದು, ಒಂದೆರಡು ತೂತು ಬಿದ್ದದ್ದು ತಳಕ್ಕೆ. ಮಧ್ಯಮದ್ದು ನಡುವೆ. ಮಿರಿಮಿರಿ ಮಿಂಚುವ ಎಳೆಯ ಕಾಯಿ ಮೇಲೆ, ತೊಟ್ಟು ಹೊರಗೆ ಮಾಡಿ ಹೂವು ಜೋಡಿಸಿದಂತೆ. ಯಾರೂ ಅದನ್ನು ಮೋಸ ಎನ್ನುವುದಿಲ್ಲ. ಬುಟ್ಟಿ ತುಂಬುವುದೆಂದರೇ ಹಾಗೆ. ಮೈಲಾರಪ್ಪನ ಕೈ ತಾನಾಗಿಯೇ ದೊಡ್ಡ ಕಾಯಿ ತಳಕ್ಕೆ ಹಾಕಿತು.

“ಅವ್ರು ಒಂದ ಅಳತಿ ಅಂದಾರ” ಎಂದಳು ಅನ್ನವ್ವ, ಸಣ್ಣ ದನಿಯಲ್ಲಿ.

“ಮ್ಯಾಲ ಒಂದ ಅಳತಿನ ಐತೆಲ್ಲ? ಒಂದೀಟು ತೂಕ ಬರಲಿ, ಸುಮ್ನಿರು.”

ಅವಳು ತಾನೂ ಮೇಲಿನ ಸಾಲು ಜೋಡಿಸಿದಳು.

ಬೆಳಿಗ್ಗೆ ಅನ್ನವ್ವ ಒಬ್ಬಳೇ ಒಯ್ದ ಬುಟ್ಟಿ ನೋಡಿ ಕುಬೇರಪ್ಪ, “ಭೇಷ್” ಎಂದರು. ಆಮೇಲೆ ಎರಡೂ ಕೈಯಲ್ಲಿ ಎತ್ತಿ ಅಗಲ ತಾಟಿನಂಥ ದೊಡ್ಡ ಪರಾತಕ್ಕೆ ಬೋರಲು ಸುರುವಿದರು. ತಳದಲ್ಲಿದ್ದದ್ದು ಮೇಲೆ ಬಂತು. ಅಡುಗೆಯ ಮಲ್ಲಿಕಾ ಒಂದು ದೊಡ್ಡ ಕಾಯಿ ಸೀಳಿದಳು. ಒಳಗೆ ಹುಳ ಮೈ ಮುರಿಯಿತು.

“ಯವ್ವಾ, ಇವರು ಮಸಾಲಿ ತುಂಬೇ ಕಳಿಸ್ಯಾರ!” ಎಂದಳು ಮಲ್ಲಿಕಾ. ರೊಟ್ಟಿ ಬಡಿಯುವವರೆಲ್ಲ ನಕ್ಕರು.

ಕುಬೇರಪ್ಪ ನಗಲಿಲ್ಲ. ಅದು ಅನ್ನವ್ವನಿಗೆ ಇನ್ನೂ ಕಷ್ಟವಾಯಿತು. ಅವರು ತಮಗೆ ಬೇಕಾದಷ್ಟು ಆರಿಸಿ, ತೂಗಿ, ಉಳಿದದ್ದನ್ನು ಬುಟ್ಟಿಗೆ ಹಾಕಿಕೊಟ್ಟರು. “ಅನ್ನವ್ವಾರ, ಇದು ಹುಬ್ಬಳ್ಳಿ ಬುಟ್ಟಿ. ಅಲ್ಲೆ ಯಾವ ಬುಟ್ಟಿ ಯಾರ ಹೊಲದ್ದು ಅಂತ ಗೊತ್ತಿರಂಗಿಲ್ಲ. ಇಲ್ಲೆ ನಿಮ್ಮ ಮಾರಿ ನನಗ ಗೊತ್ತು, ನನ್ನ ಮಾರಿ ಉಣ್ಣವ್ರಿಗೆ ಗೊತ್ತು. ಹಿಂಗಾದ್ರ ನಡಿಯಂಗಿಲ್ರಿ.”

ಬಸ್ಸಿನಲ್ಲಿ ಬುಟ್ಟಿಯನ್ನು ಸೆರಗಿನಿಂದ ಮುಚ್ಚಿಕೊಂಡು ಕೂತಳು. ಅಮಾವಾಸ್ಯೆ ಹತ್ತಿರವಾಗಿತ್ತು.

ಅಂಗಳಕ್ಕೆ ಕಾಲಿಡುತ್ತಲೇ ಅನ್ನವ್ವ ನಡೆದದ್ದನ್ನು ಹೇಳಿದಳು. ಮೈಲಾರಪ್ಪ ಬುಟ್ಟಿ ನೋಡಿದ. “ಆತಿಲ್ಲೊ? ಅದಕ್ಕ ಅಂದೆ. ಹುಬ್ಬಳ್ಳ್ಯಾಗ ಯಾರೂ ಹಿಂಗ ಸುರುವಿ ನೋಡಂಗಿಲ್ಲ.”

ಸುದ್ದಿ ಕೇಳಲು ಬಂದಿದ್ದ ಗುಲ್ನಾರ ಕಟ್ಟೆಯ ಮೇಲೆ ಕೂತಳು. “ಯಾಕ ನೋಡಂಗಿಲ್ಲ ಹೇಳ್ರಿ, ಅಣ್ಣಾರ?”

“ಅವ್ರಿಗೆ ಪುರಸೊತ್ತು ಎಲ್ಲೈತಿ?”

“ಪುರಸೊತ್ತಲ್ಲ. ತಳದಾಗ ಏನೈತಿ ಅಂತ ಅವ್ರಿಗೆ ನೋಡದನ ಗೊತ್ತೈತಿ. ಎಲ್ಲಾರೂ ಹಂಗ ತುಂಬತಾರಲ್ಲ. ಅದಕ್ಕ ಇಡೀ ಬುಟ್ಟಿಗೆ ತಳದ ಕಾಯಿ ದರಾನ ಕಟ್ಟತಾರ. ಮ್ಯಾಲಿನ ಚಲೋ ಕಾಯಿ ಇಷ್ಟು ವರ್ಷ ಪುಕ್ಕಟೆ ಹೋಗ್ಯಾವ.”

ಮೈಲಾರಪ್ಪ ವಾಪಸು ಬಂದ ಕಾಯಿಗಳನ್ನು ಒಂದೊಂದಾಗಿ ತಿರುವಿ ನೋಡತೊಡಗಿದ.

“ನನ್ನ ಖಾರದ ಪೊಟ್ಟಣದ ತಳದಾಗ ಬರೇ ಪುಡಿ ತುಂಬಿದ್ರ, ನಾಳೆ ನಮ್ಮ ಬೈಕ್ ಸಪ್ಪಳಾ ಕೇಳಿ ಚಹಾದಂಗಡಿಯವ್ರು ಬಾಗಲಾ ಹಾಕ್ತಾರ್ರಿ. ಈ ದೊಡ್ಡ ಕಾಯೇನು ಕೆಟ್ಟಿಲ್ಲ. ಹಾಸ್ಟೆಲ್ಲಿನವ್ರು ಹೆಚ್ಚಿ ಸಾರಿಗೆ ಹಾಕ್ತಾರ, ಅವ್ರಿಗೆ ದೊಡ್ಡದ ಚಲೋ. ನಡುವಿನವು ಸಂತಿಗೆ. ಹುಳಾ ಬಿದ್ದಿದ್ದು ಆಡು ಕುರಿಗೆ. ಯಾರಿಗೆ ಏನ್ ಬೇಕೋ ಅದನ್ನ ಕೊಡ್ರಿ. ಎಲ್ಲಾ ಕೂಡಿಸಿ ಒಬ್ಬರ ತಲೀಗೆ ಕಟ್ಟಬ್ಯಾಡ್ರಿ.”

“ಆತು. ಮತ್ತ ಆ ಕುಬೇರಪ್ಪನವರು ಇನ್ನ ಬಾಗಲದಾಗ ನಿಂದರಸ್ತಾರೇನು?” ಎಂದ ಮೈಲಾರಪ್ಪ. ದನಿಯಲ್ಲಿ ಮೊದಲಿನ ಬಿಸಿ ಇರಲಿಲ್ಲ.

ಆಗ ಅನ್ನವ್ವ ಬಾಯಿಬಿಟ್ಟಳು. “ತುಂಬಿದವ್ರು ಇಬ್ರು. ಮಂದ್ಯಾಗ ತಲೀ ತಗ್ಗಿಸಿದಾಕಿ ನಾ ಒಬ್ಬಾಕಿ. ನಾಳೆ ನೀವೂ ಬರ್ರಿ.”

ಆ ಸಂಜೆ ಬುಟ್ಟಿ ತುಂಬಲು ಎರಡು ಪಟ್ಟು ಹೊತ್ತು ಹಿಡಿಯಿತು. ಅನ್ನವ್ವ ಒಂದೊಂದು ಕಾಯಿಯನ್ನೂ ಅಂಗೈಯಲ್ಲಿ ಮುಚ್ಚಿ ನೋಡಿ ಹಾಕಿದಳು. ತಳವಿಲ್ಲ, ಮೇಲಿಲ್ಲ, ಎಲ್ಲ ಒಂದೇ. ನೋಡಲು ಬುಟ್ಟಿಗೆ ಶೃಂಗಾರವೇ ಇಲ್ಲವೆಂದು ಮೈಲಾರಪ್ಪನಿಗೆ ಬೇಜಾರಾಯಿತು.

ಬೆಳಿಗ್ಗೆ ಖಾನಾವಳಿಯ ಹಿಂಬಾಗಿಲಲ್ಲಿ ಇಬ್ಬರನ್ನೂ ಕಂಡ ಕುಬೇರಪ್ಪನ ಮುಖ ಸಡಿಲವಾಗಲಿಲ್ಲ. ಅವರು ಮಾತಾಡುವ ಮೊದಲೇ ಮೈಲಾರಪ್ಪ ಪರಾತ ಕೇಳಿ ತೆಗೆದುಕೊಂಡ. ತಾನೇ ಬುಟ್ಟಿ ಬೋರಲು ಹಾಕಿದ.

“ನಿನ್ನಿನ ಬುಟ್ಟಿ ತುಂಬಿದಾಂವ ನಾನ್ರಿ. ಎಲ್ಲಿ ಬೇಕಲ್ಲಿ ಕೈ ಹಾಕ್ರಿ.”

ಕುಬೇರಪ್ಪ ಕೈ ಹಾಕಿದರು. ಮೊಣಕೈತನಕ ಹಾಕಿದರು. ಮಲ್ಲಿಕಾ ಅಲ್ಲೊಂದು ಇಲ್ಲೊಂದು ಆರಿಸಿ ಸೀಳಿದಳು. ಒಳಗೆ ಬೆಳ್ಳಗೆ ಇತ್ತು.

“ನಾಳೆ ಬ್ಯಾಡ್ರಿ” ಎಂದರು ಕುಬೇರಪ್ಪ.

ಅನ್ನವ್ವನ ಕಣ್ಣು ನೆಲಕ್ಕಿಳಿಯಿತು.

“ನಾಡಿದ್ದ ತರ್ರಿ. ದಿನಾ ಬಿಟ್ಟು ದಿನಾ, ಇಂಥಾದ್ದ. ತರಾಕ ಆಗಲಿಲ್ಲಂದ್ರ ಹಿಂದಿನ ಸಂಜೀಕ ಫೋನ್ ಹಚ್ಚಿ ಹೇಳಬೇಕು. ಮುಂಜಾನೆ ನಾ ದಾರಿ ನೋಡ್ಕೋತ ಕುಂದರಬಾರದು.”

“ಹೇಳ್ತೇನ್ರಿ” ಎಂದಳು ಅನ್ನವ್ವ.

ಅಲ್ಲಿಂದ ಇಬ್ಬರೂ ನೆಟ್ಟಗೆ ಹಾಸ್ಟೆಲ್ಲಿನ ಅಡುಗೆಯವರನ್ನು ಕೇಳಲು ನಡೆದರು. ಮೊದಲ ಸಲ ಅವರು ಸಿಗಲಿಲ್ಲ, ಎರಡನೆಯ ಸಲ ಒಪ್ಪಿದರು. ಕಾಯಿ ಕೊಡುವ ದಿನ ತಪ್ಪಬಾರದೆಂದು ಪಕ್ಕದ ಹೊಲದ ಮಾಬೂಬಿಯನ್ನೂ ಜತೆಗೆ ಸೇರಿಸಿಕೊಂಡರು. ಒಂದು ಸರತಿ ಇವರದು, ಒಂದು ಸರತಿ ಅವಳದು. ಹೆಚ್ಚಾದ ಮಾಲು ಈಗಲೂ ಹುಬ್ಬಳ್ಳಿಗೆ ಹೋಗುತ್ತದೆ. ಆದರೆ ಮನೆ ಅದೊಂದನ್ನೇ ನೆಚ್ಚಿ ಕೂತಿಲ್ಲ.

ಅಮಾವಾಸ್ಯೆಯ ಮರುದಿನ ಟ್ರ್ಯಾಕ್ಟರ್ ಬಂದು ಹೊಲದ ಬದಿಗೆ ನಿಂತಿತು. ಅನ್ನವ್ವ ಗಿಡಗಳ ನಡುವೆ ಬಗ್ಗಿದ್ದವಳು ಎದ್ದು ಗಂಡನ ಮುಖ ನೋಡಿದಳು.

“ಮುಂದ ನಡಿಯಪಾ” ಎಂದು ಮೈಲಾರಪ್ಪ ಕೈ ಬೀಸಿದ. “ನಮ್ಮ ಗಿಡದಾಗ ಇನ್ನೂ ಹೂವಾ ಅದಾವ.”

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆಯ ರೈತ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಹೊಲದಲ್ಲಿ ಬೆಳೆಯುವುದು ಬದನೆಕಾಯಿ ಇರಲಿಕ್ಕಿಲ್ಲ. ಸೊಪ್ಪಿರಬಹುದು, ಮೆಣಸಿನಕಾಯಿ ಇರಬಹುದು, ವೀಳ್ಯದೆಲೆ ಇರಬಹುದು. ದೂರದ ಪೇಟೆಗೆ ಚೀಲ ಹೊಲಿಯುವ ಮೊದಲು ಒಂದು ದಿನ ತೋರಿಸುವಷ್ಟು ಮಾತ್ರ ಹಿಡಿದು ನಿಮ್ಮ ತಾಲೂಕಿನ ಊರಿಗೆ ಹೋಗಿ ಬನ್ನಿ. ಯಾರ ಒಲೆಯ ಮೇಲೆ ಏನು ಬೇಯುತ್ತಿದೆ, ಅದನ್ನು ಅವರು ಎಲ್ಲಿಂದ ತರಿಸುತ್ತಾರೆ ಎಂದು ಕೇಳಿ. ಅವರಿಗೆ ಎಂಥದು ಬೇಕು, ಯಾವ ದಿನ ಬೇಕು ಎಂಬುದನ್ನು ಕೇಳದೆ ಮಾಲು ಒಯ್ಯಬೇಡಿ. ಒಬ್ಬರಿಂದಾಗದಿದ್ದರೆ ಸಂಘದ ಇಬ್ಬರು ಮೂವರು ಕೂಡಿ ಕೊಡಿ. ಕೊಡಲಾಗದ ದಿನ ಮೊದಲೇ ತಿಳಿಸಿ. ನಾಳೆ ಬೆಳಿಗ್ಗೆ ಮತ್ತೆ ಮುಖ ನೋಡಬೇಕಾದವರಿಗೆ ಮಾರುವುದು ಕಷ್ಟದ ಕೆಲಸ, ನಿಜ. ಆದರೆ ಅವರೇ ನಾಳೆಯೂ ಕೊಳ್ಳುವವರು.