ಆಮೆ ಹೊತ್ತ ಕೆಮ್ಮು

ಆಮೆಗೆ ಉಬ್ಬಸ ಹತ್ತಿದ ದಿನ ಲಲ್ಲಾ ರಕಿಯಾ ಓಣಿಗೆಲ್ಲ ಖರ್ಜೂರ ಹಂಚಿದಳು. ಅವಳ ಮಗ ಲಹ್ಸೆನ್ ಎರಡು ವರ್ಷದಿಂದ ಕೆಮ್ಮುತ್ತಿದ್ದ. ಮನೆಯಲ್ಲಿ ಆಮೆಯಿದ್ದರೆ ಮನೆಯವರ ಕಾಯಿಲೆಯನ್ನು ಅದು ತನ್ನ ಮೇಲೆ ಎಳೆದುಕೊಳ್ಳುತ್ತದೆ ಎಂದು ಕಡಲ ದಂಡೆಯ ಎಸ್ಸಾವಿರಾ ಊರಿನ ಹೆಂಗಸರೆಲ್ಲ ಹೇಳುವುದೇ. ಅದಕ್ಕೇ ಅವಳು ಸಂತೆಯಿಂದ ಅದನ್ನು ತಂದಿದ್ದಳು. ಈಗ ಆಮೆ ಕತ್ತು ಚಾಚಿ, ಬಾಯಿ ತೆರೆದು ಗೊರಗೊರ ಅನ್ನುತ್ತಿತ್ತು. ಮೂಗಿನ ತುದಿಯಲ್ಲಿ ಗುಳ್ಳೆ ಏಳುತ್ತಿತ್ತು.

"ನೋಡ್ದ್ಯಾ ತಾಮು, ಹಿಡ್ಕೊಂಡ್ಬಿಡ್ತು! ಇನ್ನು ನನ್ನ ಮಗ ಗೆದ್ದ," ಅಂದಳು ಅತ್ತೆ ರಕಿಯಾ.

ಸೊಸೆ ತಾಮುವಿಗೂ ಖುಷಿಯಾಯಿತು. ಸುಳ್ಳೇಕೆ ಹೇಳಬೇಕು? ಗಂಡನ ಎದೆಯೊಳಗಿನ ಸಿಳ್ಳೆ ಕೇಳುತ್ತಾ ಮಲಗುವವಳಿಗೆ ಆಮೆಯ ಮೇಲೆಲ್ಲಿಯ ಕನಿಕರ? ಆದರೆ ಉಪಚಾರದಲ್ಲಿ ಮಾತ್ರ ಅವಳು ಕೊರತೆ ಮಾಡಿರಲಿಲ್ಲ. ಕಾಯಿಲೆ ಬೇಗ ದಾಟಲೆಂದು ಆಮೆಯ ಪೆಟ್ಟಿಗೆಯನ್ನು ಕೆಳಗಿನ ಕೋಣೆಯಲ್ಲಿ, ಲಹ್ಸೆನ್ ಕೆಲಸ ಮಾಡುವ ಮೇಜಿನಡಿಯೇ ಇಟ್ಟಿದ್ದಳು. ಅವನು ಅರಾರ್ ಎಂಬ ಮರದಲ್ಲಿ ಒಡವೆಪೆಟ್ಟಿಗೆ ಕೆತ್ತುವವನು. ಅದೇ ಮರದ ಹೊಟ್ಟು ಬೊಗಸೆಗಟ್ಟಲೆ ತುಂಬಿ ಆಮೆಗೆ ಹಾಸಿಗೆ ಮಾಡಿದ್ದಳು. ಘಮಘಮಿಸುವ ಮರ, ಹುಳ ಹತ್ತಿರ ಸುಳಿಯದು. ಅದಕ್ಕಿಂತ ಒಳ್ಳೆಯ ಹಾಸಿಗೆ ರಾಜರಿಗೂ ಸಿಗಲಿಕ್ಕಿಲ್ಲ ಅಂದುಕೊಂಡಿದ್ದಳು. ಚಿಪ್ಪು ಒಣಗಿ ಬಿರಿದೀತೆಂದು ಬೆಳಿಗ್ಗೆ ಸಂಜೆ ನೀರು ಚಿಮುಕಿಸುತ್ತಿದ್ದಳು. ಹೊಟ್ಟು ಕಪ್ಪಾಗಿ ಮುದ್ದೆಗಟ್ಟಿತ್ತು.

ಹತ್ತು ದಿನ ಕಳೆಯಿತು. ಆಮೆ ಕಣ್ಣು ಬಿಡುವುದನ್ನೇ ನಿಲ್ಲಿಸಿತು. ಲಹ್ಸೆನ್ ಮಾತ್ರ ಮೆಟ್ಟಿಲು ಹತ್ತುವಾಗ ಮಧ್ಯದಲ್ಲೇ ಗೋಡೆ ಹಿಡಿದು ನಿಲ್ಲತೊಡಗಿದ. ಇಬ್ಬರೂ ಒಂದೇ ಸಮ ಸೊರಗುತ್ತಿದ್ದಾರಲ್ಲ ಎಂದು ತಾಮುವಿಗೆ ದಿಗಿಲಾಯಿತು. ಪೆಟ್ಟಿಗೆ ಎತ್ತಿಕೊಂಡು ಆಮೆ ಮಾರಿದ ಮುದುಕ ಹಮ್ಮಾದನ ಬಳಿಗೆ ನಡೆದಳು.

ಹಮ್ಮಾದ್ ಮುಚ್ಚಳ ತೆಗೆದು ಮೂಸಿ, ಮುಖ ಹಿಂಡಿದ. "ಏನಮ್ಮ ಇದು, ನಿಂಬೆಹಣ್ಣಿನ ಹಾಗೆ ಉಪ್ಪಿನಕಾಯಿ ಹಾಕಿದ್ಯಾ?"

"ಅರಾರ್ ಹೊಟ್ಟು ಅಜ್ಜ. ಹುಳ ಬರಲ್ಲ ಅಂತ ಹಾಕಿ, ನಮ್ಮನೆಯವ್ರು ಮರ ಕೆತ್ತೋ ಕೋಣೇಲಿ ಇಟ್ಟಿದ್ದೆ..."

"ಹುಳ ಸಾಯ್ಸೋ ಮರ ಇದರ ಎದೆಗೂಡು ಬಿಡುತ್ತಾ? ಅದರ ಮೇಲೆ ನೀರು ಬೇರೆ! ಈ ಊರಿನ ಗಾಳೀಲೇ ಸಮುದ್ರ ತುಂಬಿದೆ, ಸಾಲ್ದಾ ನಿಂಗೆ?" ಅವನು ಹೊಟ್ಟನ್ನೆಲ್ಲ ಚರಂಡಿಗೆ ಸುರಿದ. "ತೋಟದ ಮಣ್ಣು ಎರಡು ಪಾಲು, ಮರಳು ಒಂದು ಪಾಲು ಹಾಕು. ಬೆರಳು ಚುಚ್ಚಿ ನೋಡು, ಕೆಳಗೆ ತಂಪಿರ್ಬೇಕು, ಮೇಲೆ ಒಣಗಿರ್ಬೇಕು. ನೀರು ಬೇಕಾದ್ರೆ ಮೂಲೇಲಿ ಸುರಿ, ಮೈಮೇಲಲ್ಲ. ಎಲ್ಲಕ್ಕಿಂತ ಮೊದ್ಲು ಆ ಕೋಣೆಯಿಂದ ಆಚೆ ತಗೊಂಡ್ಹೋಗು."

ತಾಮು ಮನೆಗೆ ಬಂದು ತೆರೆದ ಮಹಡಿಯ ಮೇಲೆ ಪೆಟ್ಟಿಗೆ ಇಟ್ಟು ಮಣ್ಣು ಮರಳು ಕಲಸುತ್ತಿದ್ದಾಗ ಅತ್ತೆ ಏದುಸಿರು ಬಿಡುತ್ತಾ ಬಂದಳು.

"ಅದು ಹುಷಾರಾದ್ರೆ ಕಾಯ್ಲೆ ಎಲ್ಲಿಗೆ ಹೋಗುತ್ತೆ? ನನ್ನ ಮಗನಿಗೇ ವಾಪಸ್! ಗಂಡನ್ನ ಕೊಟ್ಟು ಆಮೆನ ಉಳಿಸ್ಕೋತೀಯೇನೇ, ಪಾಪಿ?"

"ಒಂದು ವಾರ ತಡೀರಿ ಅತ್ತೆ," ಅಂದಳು ತಾಮು. ಅತ್ತೆಯ ಮಾತೇ ನಿಜವಾದರೆ ಎಂಬ ಭಯ ಅವಳಿಗೂ ಇತ್ತು. ಆದರೂ ದಿನಾ ಬೆರಳು ಚುಚ್ಚಿ ಮಣ್ಣಿನ ಹದ ನೋಡಿದಳು. ಮಂಜು ಕವಿದ ದಿನ ಚಾಪೆ ಮುಚ್ಚಿದಳು, ಬಿಸಿಲು ಬಂದ ಕೂಡಲೇ ತೆಗೆದಳು.

ಎಂಟನೆಯ ದಿನ ಗುಳ್ಳೆ ಒಣಗಿತ್ತು. ಆಮೆ ಕಣ್ಣು ಬಿಟ್ಟು ಸೊಪ್ಪಿನ ಎಲೆಯೊಂದನ್ನು ಕಚಕ್ಕನೆ ಕಚ್ಚಿತು. ತಾಮು ಅದನ್ನೇ ನೋಡುತ್ತಾ ಪಕ್ಕದಲ್ಲಿ ಕೂತಳು. ಮದ್ದಿಲ್ಲ, ಮಾಟವಿಲ್ಲ. ಆ ಕೋಣೆಯಿಂದ ಹೊರಬಂತು, ಬದುಕಿತು. ಹಾಗಾದರೆ ಅದು ಯಾರ ಕಾಯಿಲೆಯನ್ನೂ ಎಳೆದುಕೊಂಡಿರಲಿಲ್ಲ. ಕೋಣೆಯೇ ಇಬ್ಬರಿಗೂ ಕೊಡುತ್ತಿತ್ತು.

ಮಧ್ಯಾಹ್ನ ಲಹ್ಸೆನ್ ಊಟಕ್ಕೆ ಕೂತಾಗ ಅವಳು ನೇರವಾಗಿ ಹೇಳಿಬಿಟ್ಟಳು. "ರೀ, ಆ ಕೆಲಸ ಬಿಟ್ಬಿಡಿ."

"ಯಾಕೆ, ಆಮೆ ಹೇಳ್ತಾ?" ಎಂದು ನಕ್ಕ. ನಗು ಕೆಮ್ಮಾಯಿತು.

"ಆ ಮರದ ಹೊಟ್ಟು ನಿಮ್ಮನ್ನ ತಿಂತಾ ಇದೆ."

"ಹುಚ್ಚಿ! ನಮ್ಮಪ್ಪ ಐವತ್ತು ತುಂಬೋವರೆಗೂ ಇದೇ ಮರ ಕೆತ್ತಿದ."

"ಐವತ್ತು ತುಂಬಿದ ಮೇಲೆ?"

ಲಹ್ಸೆನ್ ತಟ್ಟೆ ಸರಿಸಿದ. ಪಕ್ಕದಲ್ಲಿ ಬೇಳೆ ಆರಿಸುತ್ತಿದ್ದ ರಕಿಯಾಳ ಕೈ ನಿಂತಿತು.

"ಮಾವ ಹೇಗೆ ಹೋದ್ರು, ಅತ್ತೆ?"

"ಕೆಮ್ಮಿ ಕೆಮ್ಮಿ," ಅಂದಳು ಮುದುಕಿ, ತನಗೇ ಹೇಳಿಕೊಳ್ಳುವಂತೆ. "ಅವರಪ್ಪನೂ ಹಾಗೇ."

"ಶುಕ್ರವಾರಕ್ಕೆ ನಲವತ್ತು ಪೆಟ್ಟಿಗೆ ಆಗ್ಬೇಕು. ಬೇರೆ ಯಾವ ಕೆಲಸ ಬರುತ್ತೆ ನಂಗೆ?" ಎಂದು ಲಹ್ಸೆನ್ ಎದ್ದು, ಗೋಡೆ ಹಿಡಿದುಕೊಂಡು ಕೆಳಗಿಳಿದ. ಸ್ವಲ್ಪ ಹೊತ್ತಿಗೆ ಗರಗಸ ಶುರುವಾಯಿತು. ರಕಿಯಾ ಬೇಳೆ ಚೆಲ್ಲಿಕೊಂಡು ಎದ್ದು ಮೆಟ್ಟಿಲ ತನಕ ಓಡಿದಳು. "ಮಗಾ, ಮೇಲೆ ಬಾರೋ," ಎಂದು ಕೂಗಿದಳು. ಗರಗಸದ ಸದ್ದಿನಲ್ಲಿ ಅದು ಅವನಿಗೆ ಕೇಳಿಸಲಿಲ್ಲ.