ನನ್ನ ತಮ್ಮ ಊರು ಆರಿಸಿದ ಬಗೆ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಇದನ್ನು ಹೇಳಬೇಕಾದವಳು ನಾನಲ್ಲ. ಹಗಲು ಕನ್ನಡಕದ ಅಂಗಡಿಯಲ್ಲಿ ಫ್ರೇಮಿಗೆ ಗಾಜು ಕೂರಿಸುತ್ತಾ, ಸಂಜೆ ಕಾಲೇಜಿನಲ್ಲಿ ಓದಿ ಹೇಗೋ ಪದವಿ ಮುಗಿಸಿದವಳು ನಾನು. ರಜೆ ಚೀಟಿ ಬರೆದರೂ ಕಳಿಸುವ ಮುಂಚೆ ಮತ್ತೆ ಮತ್ತೆ ಓದುತ್ತೇನೆ, ಕಳಿಸಿದ ಮೇಲೆ ಕೊರಗುತ್ತೇನೆ. ಹೇಳಬೇಕಾದವನು ನನ್ನ ತಮ್ಮ. ಅವನನ್ನು ಕೇಳಿದರೆ, “ಅದ್ರಲ್ಲಿ ಹೇಳೋಕೇನಿದೆ ಅಕ್ಕಾ, ಊರು ನೋಡ್ಕೊಂಡು ಬಂದೆ ಅಷ್ಟೆ. ನಿಂಗೆ ಬೇಕಾದ್ರೆ ನೀನೇ ಬರಿ” ಎಂದುಬಿಟ್ಟ. ಬರೆಯುತ್ತಿದ್ದೇನೆ. ಎಲ್ಲಾದರೂ ಎಡವಿದರೆ ಆ ತಪ್ಪು ನನ್ನದು, ಅವನದಲ್ಲ.

ತಮ್ಮ ಲಿಫ್ಟ್ ರಿಪೇರಿ ಮಾಡುವವನು. ನಲವತ್ತರ ಹತ್ತಿರ ಬಂದರೂ ಮನೆಯಲ್ಲಿ ಎಲ್ಲರಿಗೂ ಇನ್ನೂ ಪುಟ್ಟ. ಅವನ ಮನಸ್ಸು ಹರಿಯುವುದು ಗಂಡಸರ ಕಡೆಗೆ. ಪತ್ರಿಕೆಗಳಲ್ಲಿ ಇದಕ್ಕೊಂದು ಉದ್ದನೆಯ ಪದ ಬರೆಯುತ್ತಾರೆ. ಅವನು ತನ್ನನ್ನು ಗೇ ಎಂದಷ್ಟೇ ಹೇಳಿಕೊಳ್ಳುತ್ತಾನೆ. ನನಗೆ ಅದು ಬಹಳ ವರ್ಷಗಳಿಂದ ಗೊತ್ತು. ಅಮ್ಮನಿಗೂ ಅಣ್ಣನಿಗೂ ಅವನು ಹೇಳಿರಲಿಲ್ಲ.

ಅವನಿಗೆ ಒಂದೇ ಒಂದು ಆಸೆಯಿತ್ತು. ಒಬ್ಬನೇ ಎಲ್ಲಾದರೂ ಹೋಗಿ, ಒಂದು ವಾರ ಯಾರ ಮುಂದೆಯೂ ನಾಟಕ ಆಡದೆ ಇದ್ದು ಬರಬೇಕು. ಕೇಳಲು ಸಣ್ಣದು. ಆದರೆ ನಮ್ಮ ಮನೆಯಲ್ಲಿ ಒಬ್ಬನೇ ಹೋಗುವುದು ಎಂದರೆ ಜಗಳ ಆಡಿಕೊಂಡು ಹೋಗುವುದು ಎಂದೇ ಅರ್ಥ. ಅವನು ಯಾವಾಗ ಬ್ಯಾಗ್ ಕೆಳಗಿಳಿಸಿದರೂ ಯಾರಾದರೊಬ್ಬರು ಜೊತೆಗೆ ಗಂಟುಬೀಳುತ್ತಿದ್ದರು. ಒಮ್ಮೆ ಚಿಕ್ಕಪ್ಪ, ಇನ್ನೊಮ್ಮೆ ಅಣ್ಣನ ಸ್ನೇಹಿತ. ಚಿಕ್ಕಪ್ಪ ದಾರಿಯುದ್ದಕ್ಕೂ ಅವನಿಗೆ ಹೆಣ್ಣು ಹುಡುಕಿದರಂತೆ, ರೈಲಿನಲ್ಲಿ ಎದುರು ಸೀಟಿನವರ ಮಗಳನ್ನೂ ಬಿಡದೆ.

ಈ ಸಲ ಅವನು ತನ್ನ ಕಸುಬಿನ ದಾರಿಯಲ್ಲೇ ಹೊರಟ. ಲಿಫ್ಟಿನವರು ಕೆಲವೊಮ್ಮೆ ಆ ಪೆಟ್ಟಿಗೆಯ ನೆತ್ತಿಯ ಮೇಲೆ ನಿಂತು ಕೆಲಸ ಮಾಡಬೇಕಾಗುತ್ತದೆ. ಕಾಲಿಡುವ ಮುಂಚೆ ಅಲ್ಲಿರುವ ಸ್ಟಾಪ್ ಸ್ವಿಚ್ ಒತ್ತಬೇಕು. ಒತ್ತಿದರೆ ಸಾಲದು. ಹೊರಗೇ ನಿಂತು ಲಿಫ್ಟನ್ನು ಕರೆದು ನೋಡಬೇಕು. ಕರೆದರೂ ಅಲುಗದಿದ್ದರೆ ಮಾತ್ರ ಹತ್ತಬೇಕು. “ಆಫ್ ಆಗಿದೆ ಅಂತ ವಾಚ್‌ಮನ್ ಹೇಳ್ತಾನೆ, ಸೆಕ್ರೆಟರಿ ಹೇಳ್ತಾರೆ. ಅವರು ಸುಳ್ಳು ಹೇಳಲ್ಲ ಅಕ್ಕಾ, ಪಾಪ. ಆದ್ರೆ ಮೇಲೆ ನಿಲ್ಲೋನು ನಾನು ತಾನೇ?”

ಊರುಗಳನ್ನೂ ಹಾಗೆಯೇ ಕರೆದು ನೋಡಿದ. ನಮ್ಮಂಥವರನ್ನು ಜೈಲಿಗೆ ಹಾಕುವ ಕಾನೂನಿರುವ ದೇಶಗಳನ್ನು, ಅಲ್ಲಿನ ಸಮುದ್ರ ಎಷ್ಟೇ ನೀಲಿಯಾಗಿರಲಿ, ಮೊದಲೇ ಬಿಟ್ಟ. ನಮ್ಮಂಥವರು ಎಂದು ಬರೆದೆ; ಅವನು ಹಾಗೆ ಹೇಳಿ ಹೇಳಿ ನನ್ನ ಬಾಯಿಗೂ ಅದೇ ಬಂದಿದೆ, ಇರಲಿ. ಕಾನೂನು ಸರಿಯಿದ್ದೂ ಪೊಲೀಸರಿಗೆ ಅದು ತಲುಪಿರದ ಊರುಗಳನ್ನು ಆಮೇಲೆ ಬಿಟ್ಟ. ಯಾವಾಗ ಹೋಗುವುದು ಎಂಬುದಕ್ಕೂ ಅಷ್ಟೇ ತಲೆ ಕೆಡಿಸಿಕೊಂಡ. ಶಾಲೆಗೆ ರಜೆಯಿದ್ದಾಗ ಬೇಡ, ಎಲ್ಲೆಲ್ಲೂ ಸಂಸಾರಗಳೇ, ಊಟದ ಮೇಜಿಗೆ ಬಂದವರೆಲ್ಲ “ಫ್ಯಾಮಿಲಿ ಎಲ್ಲಿ?” ಎನ್ನುತ್ತಾರೆ. ಚುನಾವಣೆ ಇದ್ದಾಗ ಬೇಡ, ಜನ ಯಾರ ಮೇಲಾದರೂ ಸಿಟ್ಟು ತೀರಿಸಿಕೊಳ್ಳಲು ಕಾಯುತ್ತಿರುತ್ತಾರೆ. ಹಾಗೆಂದು ಬೀದಿ ಖಾಲಿ ಹೊಡೆಯುವ ಕಾಲವೂ ಬೇಡ, ಒಬ್ಬನೇ ನಡೆಯುವವನು ಎದ್ದು ಕಾಣುತ್ತಾನೆ. ಬೆಳಕಿರುವಾಗಲೇ ತಲುಪುವ ರೈಲು ಬೇಕು. ಇದನ್ನೆಲ್ಲ ಅವನು ಹೆದರಿ ಮಾಡುತ್ತಿರಲಿಲ್ಲ. ಹೆದರುವುದು ನನ್ನ ಖಾತೆ. ಅವನು ಒಳ್ಳೆಯ ಕೆಲಸಗಾರ ಮಾಡುವ ಹಾಗೆ ಮಾಡುತ್ತಿದ್ದ, ಸಿಳ್ಳೆ ಹಾಕುತ್ತಾ.

ಹೋಟೆಲುಗಳಿಗೆ ಫೋನ್ ಮಾಡಲು ಮಧ್ಯಾಹ್ನ ನಮ್ಮ ಅಂಗಡಿಗೆ ಬರುತ್ತಿದ್ದ. ಕಣ್ಣು ಪರೀಕ್ಷೆ ಮಾಡುವ ಇಕ್ಕಟ್ಟು ಕೋಣೆಯಲ್ಲಿ, ಅಕ್ಷರಗಳ ಬೋರ್ಡಿನ ಎದುರು ಎತ್ತರದ ಕುರ್ಚಿಯಲ್ಲಿ ಕೂತು ನೇರವಾಗಿ ಕೇಳುತ್ತಿದ್ದ: “ನಾನು ಗೇ. ಒಬ್ಬನೇ ಬರ್ತಿದೀನಿ. ನಿಮ್ಮೂರಲ್ಲಿ ನಂಗೇನಾದ್ರೂ ತೊಂದ್ರೆ ಆಗುತ್ತಾ?” ಹೊರಗೆ ಫ್ರೇಮ್ ಒರೆಸುತ್ತಾ ಕೂತ ನನಗೆ ಬೆವರು ಕಿತ್ತುಕೊಂಡು ಬರುತ್ತಿತ್ತು. ಒಬ್ಬ ಫೋನ್ ಕುಕ್ಕಿದ. ಒಬ್ಬ ನಕ್ಕು, ಪಕ್ಕದವನಿಗೆ ಹೇಳಿ ಮತ್ತೆ ನಕ್ಕ. ಬೆಟ್ಟದೂರಿನ ದೊಡ್ಡ ಹೋಟೆಲಿನವನು, “ಏನೂ ತೊಂದ್ರೆ ಇಲ್ಲ ಸಾರ್, ಏನೇನೂ ಇಲ್ಲ ಸಾರ್” ಎಂದು ಸಕ್ಕರೆ ಸುರಿಸಿದ.

“ಅದು ಸರಿಹೋಯ್ತಲ್ಲೋ,” ಎಂದೆ.

“ಅವನು ನನ್ನ ಪ್ರಶ್ನೆ ಮುಗಿಯೋಕ್ ಮುಂಚೆನೇ ಉತ್ತರ ಕೊಟ್ಟ ಅಕ್ಕಾ.”

ಕೊನೆಗೆ ಉಳಿದದ್ದು ಕಡಲ ಬದಿಯ ಒಂದು ಸಣ್ಣ ಊರು. ಅಲ್ಲಿ ಒಬ್ಬ ಹೆಂಗಸು ತನ್ನ ಮನೆಯ ಮಹಡಿಯ ಕೋಣೆಗಳನ್ನು ಬಾಡಿಗೆಗೆ ಕೊಡುತ್ತಿದ್ದಳು. ಅವಳಿಗೆ ಕರೆ ಮಾಡುವ ಮುಂಚೆಯೇ ಭಾನುವಾರ ಬಂತು. ಅಣ್ಣ ಬಂದ.

ಅಣ್ಣನದು ಪರದೆ ಬಟ್ಟೆಯ ಅಂಗಡಿ. ಸಂಸಾರ ಸಮೇತ ಎದುರು ಬೀದಿಯಲ್ಲಿದ್ದಾನೆ. ಭಾನುವಾರದ ತಿಂಡಿ ಮಾತ್ರ ಅಮ್ಮನ ಕೈಯದೇ ಆಗಬೇಕು. ಪ್ರೀತಿ ಜಾಸ್ತಿ, ದನಿ ಅದಕ್ಕಿಂತ ಜಾಸ್ತಿ. ತಮ್ಮ ಪ್ರವಾಸ ಹೊರಟಿರುವುದು ಅಮ್ಮನಿಂದ ಅವನ ಕಿವಿಗೆ ಬಿದ್ದಿತ್ತು. ತಟ್ಟೆಯ ಮುಂದೆ ಕೂತವನೇ ಘೋಷಿಸಿದ: “ಪುಟ್ಟಾ, ಅಂಗಡಿಗೆ ಒಂದು ವಾರ ಬೀಗ. ನಾನೂ ಬರ್ತಿದೀನಿ ನಿನ್ನ ಜೊತೆ!”

ತಮ್ಮನ ಕೈ ತಟ್ಟೆಯಲ್ಲೇ ನಿಂತಿತು. “ಬೇಡ ಅಣ್ಣಾ. ಒಬ್ಬನೇ ಹೋಗ್ಬೇಕು ಅಂತಿದೀನಿ.”

“ಒಬ್ಬನೇ ಹೋಗಿ ಗೋಡೆ ಜೊತೆ ಮಾತಾಡ್ತೀಯಾ? ಅಮ್ಮಾ, ನೋಡಮ್ಮ ಇವನನ್ನ.”

“ಕರ್ಕೊಂಡು ಹೋಗೋ,” ಎಂದರು ಅಮ್ಮ, ಒಲೆಯ ಕಡೆಯಿಂದಲೇ. “ಹೊಸ ಊರು. ಹುಷಾರಿಲ್ದೆ ಮಲಗಿದ್ರೆ ನೀರು ಕೊಡೋರಾದ್ರೂ ಬೇಡ್ವಾ?”

“ಹಚ್ಚು ಫೋನು,” ಎಂದ ಅಣ್ಣ. “ಇಬ್ಬರು ಅಂತ ಹೇಳು. ಸ್ಪೀಕರ್ ಹಾಕು, ಬಾಡಿಗೆ ನಾನು ಮಾತಾಡ್ತೀನಿ. ನಿಂಗೆ ಚೌಕಾಸಿ ಬರಲ್ಲ.”

ತಮ್ಮ ನನ್ನ ಮುಖ ನೋಡಿದ. ನಾನು ಬೇಡವೆಂದು ತಲೆಯಾಡಿಸಿದೆ. ಇನ್ನೊಂದು ವರ್ಷ ಕಾದರೆ ಆಯಿತು, ಆಕಾಶವೇನೂ ಕಳಚಿ ಬೀಳುವುದಿಲ್ಲ ಎಂದು ನನ್ನ ಲೆಕ್ಕ. ಅವನು ಕೈ ತೊಳೆದು, ಒರೆಸಿಕೊಂಡು ಬಂದು, ಫೋನನ್ನು ಮೇಜಿನ ನಡುವೆ ಇಟ್ಟು ಸ್ಪೀಕರ್ ಹಾಕಿದ.

“ಹಲೋ,” ಎಂದಿತು ಹೆಂಗಸಿನ ದನಿ. ಹಿಂದೆ ನಲ್ಲಿ ಸುರಿಯುವ ಸದ್ದು.

“ನಮಸ್ಕಾರ ಮೇಡಂ. ಒಂದು ರೂಮು ಬೇಕಾಗಿತ್ತು. ಒಬ್ಬನಿಗೆ.”

“ಇಬ್ಬರು!” ಎಂದ ಅಣ್ಣ.

“ಒಬ್ಬನಿಗೆ,” ಎಂದ ತಮ್ಮ. ಕಣ್ಣಿನ ಪರೀಕ್ಷೆಯ ಕೋಣೆಯಲ್ಲಿ ಆಡುತ್ತಿದ್ದ ಅದೇ ದನಿ, ಅದೇ ನಿಧಾನ. “ಮೇಡಂ, ನಾನು ಗೇ. ಅಂದ್ರೆ ನಂಗೆ ಗಂಡಸರೇ ಇಷ್ಟ ಆಗೋದು. ನಿಮ್ಮೂರಲ್ಲಿ ನಂಗೇನಾದ್ರೂ ತೊಂದ್ರೆ ಆಗುತ್ತಾ?”

ಆ ಕಡೆ ನಲ್ಲಿ ನಿಂತಿತು. ಈ ಕಡೆ ಅಮ್ಮ ಒಲೆ ಆರಿಸಿದರು. ಅಣ್ಣ ಬಾಯಿಗಿಟ್ಟ ತುತ್ತನ್ನು ನುಂಗಲಿಲ್ಲ, ತೆಗೆಯಲೂ ಇಲ್ಲ. ನಾನು ಮೇಜಿನ ಬಟ್ಟೆಯ ಅಂಚು ಹಿಡಿದುಕೊಂಡಿದ್ದೆ.

“ನೋಡಿ,” ಎಂದಳು ಆ ಹೆಂಗಸು ಕೊನೆಗೆ, “ಇಡೀ ಊರಿನ ಪರವಾಗಿ ನಾನು ಹೇಗ್ರೀ ಮಾತು ಕೊಡ್ಲಿ? ನನ್ನ ಮನೇಲಿ ತೊಂದ್ರೆ ಆಗಲ್ಲ. ಪಕ್ಕದ ಮನೆಯವರಿಗೆ ಬೇರೆಯವರ ವಿಷಯ ಅಂದ್ರೆ ಪ್ರಾಣ, ನೋಡ್ತಾರೆ, ಆಡ್ಕೋತಾರೆ, ಅಷ್ಟೆ. ದೋಣಿಕಟ್ಟೆ ಕಡೆ ಮಾತ್ರ ಶನಿವಾರ ಸಂಜೆ ಕುಡಿದು ಕೂಗಾಡ್ತಾರೆ, ಆ ಕಡೆ ನಾನೂ ಹೋಗಲ್ಲ. ಒಂದ್ ಕೆಲಸ ಮಾಡಿ. ಭಾನುವಾರ ಬನ್ನಿ, ಶುಕ್ರವಾರ ಹೊರಡಿ. ಯಾವ ತಿಂಗಳು?”

ತಮ್ಮನ ಮುಖ ಅರಳಿತು. ಇಷ್ಟು ದಿನ ಅವನು ಕಾಯುತ್ತಿದ್ದದ್ದು ಇದೇ ಮಾತಿಗೆ. ಎಲ್ಲ ಸರಿಯಿದೆ ಎನ್ನುವವರ ಮೇಲೆ ಅವನಿಗೆ ನಂಬಿಕೆ ಬರುವುದಿಲ್ಲ. ಯಾವ ಭಾಗ ಕೆಟ್ಟಿದೆ ಎಂದು ತೋರಿಸುವವರ ಮೇಲೆ ಬರುತ್ತದೆ. ತಿಂಗಳು ಹೇಳಿದ. ಅವಳು ಒಪ್ಪಿದಳು. ಆಗ ಅಮ್ಮ ಸೆರಗಿಗೆ ಕೈ ಒರೆಸುತ್ತಾ ಬಂದು ಫೋನಿನ ಮೇಲೆ ಬಗ್ಗಿ ಕೇಳಿದರು: “ಬಿಸಿನೀರು ಬರುತ್ತೇನಮ್ಮಾ? ಇವನಿಗೆ ಭುಜ ನೋವು.”

“ಬೆಳಿಗ್ಗೆ ಬರುತ್ತಮ್ಮಾ. ಸಂಜೆ ಕೇಳಿದ್ರೆ ಕಾಯಿಸಿ ಕೊಡ್ತೀನಿ.”

ಫೋನ್ ಇಟ್ಟ ಮೇಲೆ ಅಣ್ಣ ತುತ್ತು ನುಂಗಿದ. “ನಂಗ್ಯಾಕೋ ಮೊದಲೇ ಹೇಳ್ಲಿಲ್ಲ?”

“ಹೇಳಿದ್ರೆ ಏನ್ಮಾಡ್ತಿದ್ದೆ?”

ಅಣ್ಣ ಎದ್ದು ನಿಂತ. “ಗೊತ್ತಿಲ್ಲ ಕಣೋ,” ಎಂದ. “ಈಗ್ಲೂ ಗೊತ್ತಿಲ್ಲ.” ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ತಿಂಡಿ ತಟ್ಟೆಯಲ್ಲೇ ಉಳಿಯಿತು.

ಮುಂದಿನ ಭಾನುವಾರ ಅವನು ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ತಮ್ಮ ಅದಕ್ಕೆ ಸೊರಗಿದ. ರಾತ್ರಿ ಊಟಕ್ಕೆ ಕೂತರೆ ಅನ್ನ ಕಲಸುತ್ತಲೇ ಇರುತ್ತಿದ್ದ. ಆದರೆ ಟಿಕೆಟ್ ರದ್ದು ಮಾಡಲಿಲ್ಲ. ನಾನಾಗಿದ್ದರೆ ಅಂದೇ ಮಾಡಿ, ಅಣ್ಣನ ಬಾಗಿಲಿಗೆ ಓಡಿ, ಕ್ಷಮೆಯನ್ನೂ ಕೇಳಿ ಬರುತ್ತಿದ್ದೆ. ತಮ್ಮ ಬಾಗಿಲು ತೆರೆದಿಟ್ಟು ಕಾದ.

ಹೊರಡುವ ಬೆಳಿಗ್ಗೆ ಅಣ್ಣ ಮೆಟ್ಟಿಲ ಕೆಳಗೆ ನಿಂತಿದ್ದ, ಮುಖ ಬೇರೆ ಕಡೆ ತಿರುಗಿಸಿಕೊಂಡು. “ಜೊತೆಗೆ ಬರಲ್ಲಪ್ಪಾ, ಹೆದರ್ಬೇಡ. ಸ್ಟೇಷನ್‌ವರೆಗೆ ಬರ್ತೀನಿ. ಅದಕ್ಕೂ ಫೋನ್ ಮಾಡಿ ವಿಚಾರಿಸ್ಬೇಕೇನು?”

“ಬೇಡ,” ಎಂದ ತಮ್ಮ. “ಬ್ಯಾಗ್ ಹಿಡ್ಕೋ, ಭಾರ ಇದೆ.”

“ಏನೋ ತುಂಬಿದೀಯಾ ಇದ್ರಲ್ಲಿ, ಲಿಫ್ಟಾ?”

ಇಬ್ಬರೂ ಬೀದಿಯ ತಿರುವಿನವರೆಗೆ ಬ್ಯಾಗಿನ ಒಂದೊಂದು ಹಿಡಿಕೆ ಹಿಡಿದು ನಡೆದರು. ಅಮ್ಮ ಕಿಟಕಿಯಿಂದ ನೋಡುತ್ತಿದ್ದರು. ನನಗೆ ನನ್ನ ತಮ್ಮನ ಬಗ್ಗೆ ಆ ಹೊತ್ತು ಬಂದ ಹೆಮ್ಮೆಯನ್ನು ಹೇಗೆ ಬರೆಯಬೇಕೋ ತಿಳಿಯುತ್ತಿಲ್ಲ. ಅವನು ಯಾರೊಂದಿಗೂ ಜಗಳ ಆಡಿರಲಿಲ್ಲ, ಯಾರಿಗೂ ಸುಳ್ಳು ಹೇಳಿರಲಿಲ್ಲ, ಒಬ್ಬನೇ ಹೊರಟಿದ್ದ.

ಶುಕ್ರವಾರ ಅಲ್ಲಿಂದ ಹೊರಟು ಶನಿವಾರ ಮನೆ ಸೇರಿದ. ಮೂಗು ಬಿಸಿಲಿಗೆ ಸುಲಿದಿತ್ತು. “ಚೆನ್ನಾಗಿತ್ತು ಅಕ್ಕಾ” ಎಂದ, ಅಷ್ಟೆ. ಅಣ್ಣ ಬಂದು ಬಾಡಿಗೆ ಜಾಸ್ತಿಯಾಯಿತೆಂದು ಬೈದ, ಬೇರೇನೂ ಕೇಳಲಿಲ್ಲ. ಅಣ್ಣನಿಗೆ ಎಷ್ಟು ಒಪ್ಪಿಗೆಯಾಗಿದೆ, ಎಷ್ಟು ಆಗಿಲ್ಲ, ನನಗೆ ಗೊತ್ತಿಲ್ಲ. ಅಮ್ಮ ಅಂದು ಫೋನಿನಲ್ಲಿ ತಮ್ಮ ಆಡಿದ ಮಾತು ಅರ್ಥವಾಗಿಯೇ ಬಿಸಿನೀರು ವಿಚಾರಿಸಿದರೋ, ಅರ್ಥವಾಗದೆಯೋ, ಅದೂ ಗೊತ್ತಿಲ್ಲ. ತಮ್ಮ ಆ ಊರಿನಲ್ಲಿ ಯಾರನ್ನಾದರೂ ಕಂಡನೋ, ಸುಮ್ಮನೆ ಕಡಲ ಮುಂದೆ ಕೂತು ಬಂದನೋ, ಅವನು ಹೇಳಿಲ್ಲ. ನಾನೂ ಕೇಳಿಲ್ಲ.